ಹದಿಮೂರು ವಸಾಹತುಗಳ ಅಕ್ಕೋರು

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಇಲ್ಲಿ ಅಮೆರಿಕದ ಹೇವರ್ಡಿನಲ್ಲಿ ಅವರು ಪಾಠ ಹೇಳುತ್ತಿದ್ದ ಕಾಲೇಜಿನವರು ನೆನಪಿನ ಸಭೆಯೊಂದನ್ನು ಇಟ್ಟುಕೊಂಡಿದ್ದರು. ಎರಡು ನಿಮಿಷ ಮಾತಾಡುತ್ತೀರಾ ಎಂದು ಈಮೇಲು ಬಂತು, ಒಪ್ಪಿಕೊಂಡೆ. ಆಫೀಸಿನಲ್ಲಿ ಎಂಥ ಹದಗೆಟ್ಟ ಪ್ರಾಜೆಕ್ಟಿನ ಕಥೆಯನ್ನಾದರೂ ಎರಡು ನಿಮಿಷದಲ್ಲಿ ಹೇಳಿ ಮುಗಿಸುವವಳು ನಾನು. ಅಲ್ಲಿ ಮೈಕಿನ ಮುಂದೆ ನಿಂತು "ಅವರು ನನ್ನ ತಾಯಿಗೆ ಪಾಠ ಹೇಳಿದರು" ಎಂದವಳಿಗೆ ಮುಂದಿನ ಮಾತೇ ಹೊರಡಲಿಲ್ಲ. ಬಂದು ಕೂತುಬಿಟ್ಟೆ. ಅವತ್ತು ಗಂಟಲಲ್ಲೇ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಧಾರವಾಡದ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರಂತೆ. ನಮ್ಮ ಮನೆಯ ಹತ್ತಿರ ಬೆರ್ರಿಯೆಸಾದಲ್ಲಿ ಅವರು ನಡೆಸುತ್ತಿದ್ದ ಶನಿವಾರದ ಕ್ಲಾಸಿಗೆ ಬರುತ್ತಿದ್ದ ಹುಬ್ಬಳ್ಳಿಯ ರಾಯರೊಬ್ಬರು ಹಾಗೆ ಕರೆದರು. ಮೈಸೂರಿನವರು, ಬೆಂಗಳೂರಿನವರು ಎಲ್ಲರೂ ಅದನ್ನೇ ಹಿಡಿದುಕೊಂಡರು. ವಾರವೆಲ್ಲ ಅವರು ಮೂರು ಕಾಲೇಜುಗಳ ನಡುವೆ ಫ್ರೀವೇಯಲ್ಲಿ ಓಡಾಡಿಕೊಂಡು, ಸ್ವಾತಂತ್ರ್ಯಕ್ಕೆ ಮುಂಚಿನ ಅಮೆರಿಕದ ಇತಿಹಾಸ ಹೇಳುತ್ತಿದ್ದರು. ಹದಿಮೂರು ವಸಾಹತುಗಳು, ಅಲ್ಲಿಗೆ ಯಾರು ಯಾರು ಬಂದರು, ಹೇಗೆ ಬಂದರು, ಎಷ್ಟಾದರು, ಯಾರ ಮನೆಯಲ್ಲಿ ಯಾರು ದುಡಿದರು: ಇದು ಅವರ ವಿಷಯ. ಐದಡಿಗಿಂತ ಕಮ್ಮಿ ಎತ್ತರ, ಇಳಕಲ್ ಸೀರೆ, ಕಾಲಿಗೆ ಓಡುವವರು ಹಾಕಿಕೊಳ್ಳುವ ಶೂ. ಕಾರಿನ ಹಿಂದಿನ ಸೀಟಿನಲ್ಲಿ ಪುಸ್ತಕದ ಪೆಟ್ಟಿಗೆ, ಮುಂದಿನ ಸೀಟಿನಲ್ಲಿ ಕಟಕ್ ರೊಟ್ಟಿಯ ಡಬ್ಬಿ. ಸಿಗ್ನಲ್ಲಿನಲ್ಲಿ ನಿಂತಾಗ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುವುದನ್ನು ನಾನೇ ಕಂಡಿದ್ದೇನೆ.

ಲೈಬ್ರರಿಯಲ್ಲಿ ಒಬ್ಬ ಬಿಳಿಯ ಮುದುಕ, ನೀವು ಇಂಡಿಯಾದವರು, ನಮ್ಮ ಇತಿಹಾಸವನ್ನು ಯಾಕೆ ಹೇಳುತ್ತೀರಿ ಎಂದು ಕೇಳಿದನಂತೆ. "ನಿಮ್ಮ ಪೈಕಿ ಮಂದಿ ನಮ್ಮೂರಿನ ಗೆಜೆಟಿಯರ್ ಬರದು ಹೋದ್ರು. ನಾ ಬಂದು ನಿಮ್ಮದು ಹೇಳಾಕತ್ತೀನಿ. ಇದರಾಗ ತಪ್ಪೇನೈತಿ ಅಂತ ಕೇಳಿದೆ" ಎಂದು ಅಕ್ಕೋರು ನಮಗೆ ಹೇಳಿ ನಕ್ಕಿದ್ದರು. ಆ ಮುದುಕ ಮುಂದಿನ ವರ್ಷ ಅವರ ಕ್ಲಾಸಿಗೇ ಸೇರಿಕೊಂಡನಂತೆ.

ಶನಿವಾರದ ಕ್ಲಾಸು ಬೇರೆ. ಅದು ಸಿಟಿಜನ್‌ಶಿಪ್ಪಿನ ಪರೀಕ್ಷೆಗೆ ಕೂರುವ ನಮ್ಮ ಹಿರಿಯರಿಗಾಗಿ ಅವರು ಪುಕ್ಕಟೆಯಾಗಿ ನಡೆಸುತ್ತಿದ್ದದ್ದು. ನನ್ನ ಅಮ್ಮ ಅದಕ್ಕೆ ಸೇರಿದ್ದಕ್ಕೆ ಒಂದು ವಿಚಿತ್ರ ಕಾರಣವಿತ್ತು. ಮೈಸೂರಿನಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ತಾಯಿಯಿಲ್ಲದ ಅಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ಅಮ್ಮನಿಗೆ ಹೋಗಿ ಜೊತೆಗಿರಬೇಕು ಅಂತ. ಆದರೆ ಗ್ರೀನ್ ಕಾರ್ಡಿನವರು ಬಹಳ ಕಾಲ ದೇಶ ಬಿಟ್ಟು ಹೊರಗಿದ್ದರೆ ಕಾರ್ಡಿಗೇ ಕುತ್ತು. ಹೋದರೆ ನನ್ನನ್ನೂ ಮೊಮ್ಮಗಳನ್ನೂ ಬಿಟ್ಟುಕೊಡಬೇಕು, ಇದ್ದರೆ ಅಕ್ಕನನ್ನು. ಸಿಟಿಜನ್ ಆಗಿಬಿಟ್ಟರೆ ಎಷ್ಟು ದಿನ ಬೇಕಾದರೂ ಹೋಗಿ ಇರಬಹುದು. ಮೈಸೂರಿಗೆ ಹೋಗುವುದಕ್ಕೆಂದೇ ಅಮ್ಮ ಅಮೆರಿಕನ್ ಆಗಬೇಕಿತ್ತು. ದಿನಾ ಸಂಜೆ ವಿಡಿಯೋದಲ್ಲಿ ದೊಡ್ಡಮ್ಮ, ಸೊಟ್ಟಗಾದ ಬಾಯಿಯಲ್ಲಿ, "ಯಾವಾಗ ಬರ್ತೀಯೇ?" ಎಂದು ಒಂದೇ ಮಾತು ಕೇಳುತ್ತಿದ್ದರು.

ನೂರು ಪ್ರಶ್ನೆಗಳ ಪಟ್ಟಿಯಿದೆ, ಉತ್ತರವೂ ಜೊತೆಗೇ ಇದೆ, ಫೋನಿನಲ್ಲಿ ಆ್ಯಪ್ ಇದೆ, ಬಾಯಿಪಾಠ ಮಾಡಿದರೆ ಮುಗಿಯಿತು ಅನ್ನುವುದು ನನ್ನ ಲೆಕ್ಕಾಚಾರವಾಗಿತ್ತು. ಮೊದಲ ಶನಿವಾರವೇ ಅಕ್ಕೋರು ಅದನ್ನು ತಲೆಕೆಳಗು ಮಾಡಿದರು. ವಸಾಹತಿನವರು ಅಮೆರಿಕಕ್ಕೆ ಬಂದದ್ದಕ್ಕೆ ಒಂದು ಕಾರಣ ಹೇಳಿ ಎಂಬ ಪ್ರಶ್ನೆ ಪಟ್ಟಿಯಲ್ಲಿದೆ. ಸ್ವಾತಂತ್ರ್ಯ ಅಂದರೆ ಸಾಕು. ಅಕ್ಕೋರು ಪಟ್ಟಿಯನ್ನು ಮಗುಚಿಟ್ಟು, "ಅವ್ರದು ಆಮ್ಯಾಲೆ ನೋಡೂಣು. ನೀವ್ಯಾಕ ಬಂದ್ರಿ, ಹೇಳ್ರಿ" ಎಂದು ಒಬ್ಬೊಬ್ಬರನ್ನೇ ಕೇಳಿದರು.

"ಮಗಳ ಬಾಣಂತನಕ್ಕೆ" ಅಂದರು ನನ್ನಮ್ಮ.

"ಮಗ ಮನಿ ತಗೊಂಡ, ಬರ್ರಿ ಅಂದ" ಅಂದರು ಹುಬ್ಬಳ್ಳಿ ರಾಯರು.

ಮಾರ್ಗನ್ ಹಿಲ್ಲಿನಿಂದ ಬರುತ್ತಿದ್ದ ದಂಪತಿಗಳಲ್ಲಿ ಗಂಡ, "ಇವಳು ಹೊರಟಳು, ನನಗೆ ಊರಲ್ಲಿ ಅನ್ನ ಮಾಡಿಕೊಳ್ಳೋಕೆ ಬರಲ್ಲ" ಅಂದರು.

"ಹೌದಲ್ರೀ! ಸ್ವಾತಂತ್ರ್ಯಕ್ಕ ಅಂತ ಇಲ್ಲಿ ಒಬ್ರೂ ಬಂದಿಲ್ಲ. ಹಂಗ ಅವ್ರೂ. ಯಾರೋ ದೇವರ ಸಲುವಾಗಿ, ಯಾರೋ ಹೊಟ್ಟಿ ಸಲುವಾಗಿ, ಯಾರೋ ಗಂಡನ ಬೆನ್ನ ಹಿಂದ. ಇನ್ನು ಕೆಲವ್ರನ್ನ ಕೈಕಾಲು ಕಟ್ಟಿ ತಂದ್ರು. ಅವ್ರನ್ನ ಯಾಕ ಬಂದಿ ಅಂತ ಯಾರೂ ಕೇಳ್ಲಿಲ್ಲ" ಎಂದರು ಅಕ್ಕೋರು.

ಅವರ ಪಾಠದ ಸಾಮಾನು ಅಡುಗೆಮನೆಯದು. ಒಂದು ಶನಿವಾರ ಐದಾರು ಡಬ್ಬಿ ತಂದು ಮೇಜಿನ ಮೇಲೆ ಇಟ್ಟರು. ಮೊದಲು ಮೇಜಿನ ತುಂಬ ಜೋಳ ಹರಡಿದರು. ಇವರು ಮೊದಲಿಂದ ಇದ್ದ ಜನ ಎಂದರು. ಅದರ ಒಂದು ಅಂಚಿನಲ್ಲಿ ಒಂದು ಚಿಟಿಕೆ ಅಕ್ಕಿ: ಇಂಗ್ಲೆಂಡಿನವರು. "ದಕ್ಷಿಣದಾಗ ಮೊದಲು ಬಂದವ್ರು ಹುಳದಂಗ ಸತ್ರು" ಎಂದು ಅರ್ಧ ಅಕ್ಕಿಯನ್ನು ಉಜ್ಜಿ ತೆಗೆದರು. ಮತ್ತೆ ಹಾಕಿದರು. ಹೆಸರುಕಾಳು ಜರ್ಮನ್ ರೈತರು, ತೊಗರಿಬೇಳೆ ಐರ್ಲೆಂಡಿನ ಕಡೆಯಿಂದ ಬಂದು ಗುಡ್ಡಗಾಡು ಹಿಡಿದವರು. ಸಿಪ್ಪೆಯಿರುವ ಕರೀ ಉದ್ದು ಆಫ್ರಿಕಾದವರು. ಆ ಉದ್ದನ್ನು ಮಾತ್ರ ಅವರು ಚೆಲ್ಲಲಿಲ್ಲ, ಒಂದೊಂದೇ ಕಾಳು ಇಟ್ಟರು. "ಭೂಮಿ ಸಿಗ್ತಿತ್ತು, ಲಗ್ನ ಲಗೂನ ಆಗ್ತಿತ್ತು, ಮನಿ ತುಂಬ ಮಕ್ಕಳು. ಒಂದು ತಲಿಮಾರು ಮುಗಿಯೂದ್ರಾಗ ಜನ ಇಮ್ಮಡಿ" ಎನ್ನುತ್ತ ಎಲ್ಲ ಡಬ್ಬಿಯಿಂದಲೂ ಸುರಿದರು. ಹರಡಿದಷ್ಟೂ ಜೋಳ ಮೇಜಿನ ಆ ತುದಿಯಿಂದ ನೆಲಕ್ಕೆ ಉದುರುತ್ತಾ ಹೋಯಿತು. ಯಾರೋ ಬಗ್ಗಿ ಆರಿಸಲು ಹೋದರೆ, "ಬ್ಯಾಡ್ರಿ, ಆಗ ಯಾರೂ ಆರಿಸಲಿಲ್ಲ" ಅಂದರು.

ಮಾರ್ಗನ್ ಹಿಲ್ಲಿನ ಆಂಟಿಗೆ ಸುಮ್ಮನಿರಲಾಗಲಿಲ್ಲ. "ಅಕ್ಕೋರೆ, ಇಷ್ಟೆಲ್ಲ ಕಾಳು ನೆನೆಹಾಕಿದ್ರೆ ಒಳ್ಳೆ ಅಡೆ ದೋಸೆ ಆಗುತ್ತೆ."

"ಆಗ್ತಿತ್ರಿ! ಹೇಳೋ ಮಂದಿನೂ ಹಂಗ ಹೇಳ್ತಾರ, ಎಲ್ಲಾ ಕೂಡಿ ರುಬ್ಬಿದ್ರು ಅಂತ. ರುಬ್ಬಲಿಲ್ಲ. ಬ್ಯಾರೆ ಬ್ಯಾರೆ ಡಬ್ಬ್ಯಾಗ ಇಟ್ಟು ಮುಚ್ಚಳ ಹಾಕಿದ್ರು."

ನಾನು ಹಿಂದಿನ ಕುರ್ಚಿಯಲ್ಲಿ ಲ್ಯಾಪ್‌ಟಾಪು ತೆರೆದುಕೊಂಡು ಕೂರುತ್ತಿದ್ದವಳು ಅವತ್ತಿನಿಂದ ಅದನ್ನು ಮುಚ್ಚಿಟ್ಟು ಕೇಳತೊಡಗಿದೆ. ಇಂಗ್ಲಿಷು ತಡವರಿಸುವ, ಎಪ್ಪತ್ತರ ಹತ್ತಿರದ ಈ ಜನಕ್ಕೆ ಪರೀಕ್ಷೆಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಹೇಳುತ್ತಿದ್ದರು, ಅದೂ ಯೂನಿವರ್ಸಿಟಿಯ ಹುಡುಗರಿಗೆ ಹೇಳುವಷ್ಟೇ ಜೋರಾಗಿ. ನಮ್ಮವರಿಗೆ ಇಷ್ಟು ಸಾಕು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಲೇ ಇಲ್ಲ. ಹಡಗಿನ ಚಾರ್ಜಿಗೆ ಬದಲಾಗಿ ಇಷ್ಟು ವರ್ಷ ಜೀತ ಎಂದು ಬರೆದುಕೊಟ್ಟು ಬಂದವರ ಪಾಠ ಮಾಡುವಾಗ ರಾಯರು, "ನಮ್ಮ ಹುಡುಗರನ್ನ ಕಂಪನಿಗೆ ಕಟ್ಟಿಹಾಕೋ ಎಚ್-ಒನ್ ವೀಸಾ ಇದ್ದಂಗ ಅನ್ರಿ" ಎಂದು ತಮಾಷೆ ಮಾಡಿದರು. ಅಕ್ಕೋರ ಮುಖ ಬಿಗಿಯಿತು. "ಆ ಹುಡುಗರ ಕಷ್ಟ ನನಗ ಗೊತ್ತೈತಿ. ಆದ್ರ ಅವ್ರನ್ನ ಸಂತ್ಯಾಗ ನಿಂದ್ರಿಸಿ ಹಲ್ಲು ನೋಡಿ ಮಾರಿಲ್ಲ, ರಾಯರ." ರಾಯರು ತಪ್ಪಾಯಿತು ಅಂದರು.

ಕೂತು ಪಾಠ ಹೇಳುವ ಅಕ್ಕೋರು ಒಂದು ವಿಷಯವನ್ನು ಮಾತ್ರ ಎದ್ದು ನಿಂತು ಹೇಳಿದರು. ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಹುಟ್ಟಿದ ಮಗು ಸ್ವತಂತ್ರವೋ ಗುಲಾಮವೋ ಎನ್ನುವುದು ತಾಯಿಯನ್ನು ನೋಡಿ ತೀರ್ಮಾನ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಮಗುವಿನ ಮಗುವೂ. ಅಷ್ಟು ದಿನ ಒಂದು ಪ್ರಶ್ನೆಯನ್ನೂ ಕೇಳದಿದ್ದ ನನ್ನಮ್ಮ ಬಾಯಿ ತೆರೆದರು.

"ಆ ಮಗು ಏನು ತಪ್ಪು ಮಾಡಿತ್ತು ಅಕ್ಕೋರೆ?"

"ಹುಟ್ಟಿತ್ತು" ಅಂದರು ಅಕ್ಕೋರು.

ಅಂದು ಕಾರಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆ ಹತ್ತಿರ ಬಂದಾಗ, "ನಂಜಿ ಮಗಳೂ ಹಿತ್ತಲ ಬಾಗಿಲಿಗೇ ಬರ್ತಿದ್ಲು, ಅಲ್ವೇನೇ?" ಅಂದರು. ನಂಜಿ ನಾವು ಮೈಸೂರಿನಲ್ಲಿದ್ದಾಗ ಪಾತ್ರೆ ತೊಳೆಯುತ್ತಿದ್ದಾಕೆ. ಆಮೇಲೆ ಆ ಕೆಲಸಕ್ಕೆ ಅವಳ ಮಗಳು ಬಂದಳು. ಇಬ್ಬರೂ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ನನಗೆ ಮೀಟಿಂಗಿಗೆ ಹೊತ್ತಾಗಿತ್ತು. "ಹೂಂ, ಇರಬೇಕು" ಎಂದು ಗರಾಜಿನ ಬಾಗಿಲಿನ ಗುಂಡಿ ಒತ್ತಿದೆ.

ಸಂದರ್ಶನದ ದಿನ ಬಂತು. ನೂರು ಪ್ರಶ್ನೆ ಅಮ್ಮನಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಅರ್ಜಿಯಲ್ಲಿರುವ ಹೌದು-ಇಲ್ಲ ಪ್ರಶ್ನೆಗಳನ್ನು ಅಧಿಕಾರಿ ಮತ್ತೆ ಓದಿ ಕೇಳುತ್ತಾರೆ: ಭಯೋತ್ಪಾದಕರೇ, ಕಳ್ಳಸಾಗಣೆ ಮಾಡಿದ್ದೀರಾ, ಇಂಥವು. ಅದಕ್ಕೆ ನಾನೇ ತಯಾರಿ ಮಾಡಿಸಿದ್ದೆ. "ಎಲ್ಲದಕ್ಕೂ ನೋ ಅನ್ನಮ್ಮಾ, ಕೊನೇ ಐದಾರಕ್ಕೆ ಮಾತ್ರ ಯೆಸ್" ಎಂದು ಬಾಗಿಲ ತನಕ ಹೇಳಿ ಕಳಿಸಿದೆ. ಮುಕ್ಕಾಲು ಗಂಟೆ ಕಳೆದು ಹೊರಬಂದ ಅಮ್ಮನ ಕೈಯಲ್ಲಿ ಒಂದು ಹಾಳೆಯಿತ್ತು. ತೀರ್ಮಾನ ಮುಂದಕ್ಕೆ ಹೋಗಿದೆ, ಲಿಖಿತ ವಿವರಣೆ ಕೊಡಬೇಕು ಅಂತ.

ಏನಾಯಿತೆಂದು ಅಮ್ಮ ಕಾರಿನಲ್ಲಿ ಹೇಳಿದರು. ಇತಿಹಾಸ, ಇಂಗ್ಲಿಷು ಎರಡೂ ಪಾಸು. ಆಮೇಲೆ ಅಧಿಕಾರಿ, ಜನಾಂಗ, ಧರ್ಮ, ಒಂದು ಸಾಮಾಜಿಕ ಗುಂಪಿಗೆ ಸೇರಿದವರು ಎಂಬ ಕಾರಣಕ್ಕೆ ಯಾರನ್ನಾದರೂ ನೇರವಾಗಿಯೋ ಪರೋಕ್ಷವಾಗಿಯೋ ಹಿಂಸಿಸಿದ್ದೀರಾ ಎಂದು ಕೇಳಿದರಂತೆ. ಅಮ್ಮ, ಪರೋಕ್ಷವಾಗಿ ಅಂದರೇನು ಎಂದು ಕೇಳಿದರು. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಅಮ್ಮ ಒಂದು ಕ್ಷಣ ಯೋಚಿಸಿ "ಯೆಸ್" ಅಂದರು.

"ಅಮ್ಮಾ! ಅದು ನಾಜಿಗಳಿಗೆ ಕೇಳೋ ಪ್ರಶ್ನೆ! ನಂಜಿಗೂ ಅದಕ್ಕೂ ಏನು ಸಂಬಂಧ?" ಎಂದು ನಾನು ಸ್ಟೀರಿಂಗು ಗುದ್ದಿದೆ.

"ಕೇಳಿದ್ದು ನನಗಲ್ವಾ" ಅಂದರು ಅಮ್ಮ.

ಅರ್ಜಿ ಹಾಕಿಸಿದ್ದ ವಕೀಲರು ಫೋನಿನಲ್ಲೇ ನಕ್ಕುಬಿಟ್ಟರು. ಪ್ರಶ್ನೆ ಸರಿಯಾಗಿ ಅರ್ಥವಾಗಿರಲಿಲ್ಲ, ಉತ್ತರ ಇಲ್ಲ ಎಂದೇ ಆಗಬೇಕು ಎಂದು ಒಂದು ಪುಟ ಬರೆದು ಕಳಿಸಿದರು. ಸಹಿ ಒಂದು ಬಾಕಿ. ಅಮ್ಮ ಅದನ್ನು ಎರಡು ಸಲ ಓದಿ, "ಅರ್ಥ ಆಗಿತ್ತಲ್ಲೇ" ಎಂದು ಪೆನ್ನು ಕೆಳಗಿಟ್ಟರು. ಬೇಡಿಕೊಂಡೆ, ರೇಗಿದೆ, ದೊಡ್ಡಮ್ಮನ ಹೆಸರೆತ್ತಿದೆ. ದೊಡ್ಡಮ್ಮನ ಹೆಸರಿಗೆ ಅತ್ತರೇ ಹೊರತು ಸಹಿ ಹಾಕಲಿಲ್ಲ. ಕೊನೆಗೆ, "ಅಕ್ಕೋರು ಹಾಕಿ ಅಂದ್ರೆ ಹಾಕ್ತೀನಿ" ಅಂದರು.

ಅಕ್ಕೋರಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ. "ಪಾಸ್ ಮಾಡಿಸಿ ಅಂದ್ರೆ ಪಾಪ-ಪುಣ್ಯ ಕಲಿಸಿಬಿಟ್ಟಿರಿ. ಇನ್ನು ನಮ್ಮ ದೊಡ್ಡಮ್ಮಂಗೆ ಏನಾದ್ರೂ ಆದ್ರೆ ಯಾರು ಹೊಣೆ?" ಅವರು ವಾದಿಸಲಿಲ್ಲ. "ಹೌದು ತಂಗಿ, ನನ್ನ ಪಾಠದ್ದ ಇದು. ಬರ್ತೀನಿ" ಎಂದು ಕಾಲೇಜಿನ ಕ್ಲಾಸು ಮುಗಿಸಿ ಹೇವರ್ಡಿನಿಂದ ನೇರ ಬಂದರು.

ಊಟದ ಮೇಜಿನ ಮೇಲೆ ವಕೀಲರ ಹಾಳೆ ಇತ್ತು. ಅಮ್ಮ ಒಂದು ಕಡೆ, ಅಕ್ಕೋರು ಒಂದು ಕಡೆ. ಅಕ್ಕೋರು ಕನ್ನಡಕ ಏರಿಸಿ ಓದಿದರು. ಅಷ್ಟರಲ್ಲಿ ಮೈಸೂರಿನಿಂದ ವಿಡಿಯೋ ಬಂತು. ದೊಡ್ಡಮ್ಮ ಕೇಳುವುದನ್ನು ಕೇಳಿದರು, ಅಮ್ಮ "ಬರ್ತೀನಿ ಅಕ್ಕಾ" ಎಂದು ಇಟ್ಟರು. ಅಕ್ಕೋರು ಎಲ್ಲವನ್ನೂ ನೋಡಿದರು. ಸಹಿ ಹಾಕ್ರಿ ಎಂಬ ಎರಡು ಮಾತಿಗಾಗಿ ನಾನು ಕಾದು ನಿಂತಿದ್ದೆ.

"ತಂಗಿ" ಎಂದು ನನ್ನ ಕಡೆ ತಿರುಗಿದರು. "ನನ್ನ ಜನ್ಮ ಎಲ್ಲಾ ಹಳೇ ಕಾಗದ ಓದೂದ್ರಾಗ ಹೋತು. ಮ್ಯಾಲೆ ಯಾರೋ ಶಾಣ್ಯಾ ಬರದಿರ್ತಾನ, ಕೆಳಗ ಓದಾಕ ಬರದಾಕಿ ಸಹಿ ಬದಲಿ ಒಂದು ಗೀಟು ಹಾಕಿರ್ತಾಳ. ಆ ಗೀಟು ನೋಡಿದಾಗೆಲ್ಲ, ಇದು ಅಕಿ ಮಾತಲ್ಲ, ಅಕಿ ಮಾತು ಏನಿತ್ತೋ ಅಂತ ಸಂಕಟ ಪಟ್ಟೀನಿ. ಈಗ ಓದಾಕ ಬರ್ತೈತಿ, ತನ್ನ ಮಾತು ತನಗ ಗೊತ್ತೈತಿ, ಅಂಥಾಕಿಗೆ ಈ ಕಾಗದದ ಮ್ಯಾಲೆ ಗೀಟು ಹಾಕು ಅಂತ ಹೆಂಗ ಹೇಳ್ಲಿ? ನನ್ನ ಕಡಿಂದ ಆಗೂದಿಲ್ಲ. ಆದ್ರ ನಿಮ್ಮ ದೊಡ್ಡವ್ವನ್ನ ನೋಡಿದ ಮ್ಯಾಲೆ ಸುಮ್ನ ಎದ್ದು ಹೋಗೂದೂ ಆಗೂದಿಲ್ಲ."

ಆಮೇಲೆ ಹಾಳೆಯನ್ನು ಮಗುಚಿ ಹಿಂದಿನ ಬಿಳಿ ಬದಿಯನ್ನು ಅಮ್ಮನ ಮುಂದೆ ತಳ್ಳಿದರು. "ನೀವ ಬರೀರಿ, ಶಾರದಮ್ಮಾರ. ನಿಮ್ಮ ಇಂಗ್ಲಿಷಿನಾಗ. ಏನಾತು, ಏನಾಗಿಲ್ಲ, ಎರಡೂ."

ಅಮ್ಮ ಬರೆದರು. ಎರಡು ಗಂಟೆ ಹಿಡಿಯಿತು. ಅಕ್ಕೋರು ಪಕ್ಕದಲ್ಲಿ ಕೂತಿದ್ದರು. ಒಂದು ಕಾಗುಣಿತವನ್ನೂ ತಿದ್ದಲಿಲ್ಲ, ನನಗೂ ತಿದ್ದಲು ಬಿಡಲಿಲ್ಲ. ಅಮ್ಮನ ಆ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗಿತ್ತು: "ಅವಳ ಹೆಸರು ನಂಜಿ. ನಮ್ಮ ಮನೆಯ ಪಾತ್ರೆ ತೊಳೆದಳು. ಅವಳು ಹುಟ್ಟಿದ ಜಾತಿಯ ಕಾರಣಕ್ಕೆ ಅಡುಗೆಮನೆಯ ಒಳಗೆ ಬರಲಿಲ್ಲ. ಅವಳ ಮಗಳೂ ಬರಲಿಲ್ಲ. ನಾನು ಹೊಡೆಯಲಿಲ್ಲ, ಬಯ್ಯಲಿಲ್ಲ, ಸಂಬಳ ತಪ್ಪಿಸಲಿಲ್ಲ. ಈ ಕಟ್ಟಳೆಯನ್ನು ನಾನು ಮಾಡಲಿಲ್ಲ. ನಾನು ಪಾಲಿಸಿದೆ. ನೀವು ಪರೋಕ್ಷವಾಗಿ ಎಂದು ಕೇಳಿದಿರಿ. ನಿಮ್ಮ ಕಾನೂನಿನಲ್ಲಿ ಇದಕ್ಕೆ ಯಾವ ಹೆಸರೋ ನನಗೆ ಗೊತ್ತಿಲ್ಲ. ಅದನ್ನು ನೀವು ತೀರ್ಮಾನಿಸಿ. ನನ್ನ ಅಕ್ಕನಿಗೆ ಮೈ ಸರಿಯಿಲ್ಲ. ದಯವಿಟ್ಟು ಬೇಗ ತೀರ್ಮಾನಿಸಿ."

ಓದಿ ಮುಗಿಸಿದಾಗ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಐವತ್ತು ವರ್ಷ ಮಡಿ-ಮೈಲಿಗೆಯಲ್ಲಿ ಬದುಕಿದ ಹೆಂಗಸು ಇದನ್ನು ಬರೆದಿದ್ದಳು. ಅವಳಿಗೆ ಯಾರೂ ಜಾತಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಅಕ್ಕೋರು ತಿಂಗಳುಗಟ್ಟಲೆ ಹೇಳಿದ್ದು ಸಮುದ್ರದಾಚೆಯ, ಇನ್ನೂರೈವತ್ತರಿಂದ ನಾನೂರು ವರ್ಷದ ಹಿಂದಿನ, ಯಾರದೋ ಕಥೆ. ಪಾಠ ಅನ್ನುವುದು ಇಷ್ಟು ದೂರ ಹೋಗಿ ತಲುಪುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಪುಟ್ಟ ಆಕಾರದ ಅಕ್ಕೋರನ್ನು ನೋಡಿ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ.

ಕಾಗದ ಹೋಯಿತು. ವಕೀಲರು ಕೈ ತೊಳೆದುಕೊಂಡರು. ಅಮ್ಮ ದಿನಾ ಪೋಸ್ಟ್ ಡಬ್ಬಿಯ ತನಕ ನಡೆದು ಬರುತ್ತಿದ್ದರು. ಅಕ್ಕೋರು ಶನಿವಾರ ಕ್ಲಾಸಿಗೆ ಮುಂಚೆ ನಮ್ಮ ಮನೆಗೆ ಬಂದು "ಬಂತೇನು?" ಎಂದು ಕೇಳುತ್ತಿದ್ದರು. ಇಲ್ಲ ಅಂದಾಗ ಅವರ ಮುಖ ಅಮ್ಮನ ಮುಖಕ್ಕಿಂತ ಇಳಿಯುತ್ತಿತ್ತು. ಒಂದು ಸಲ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ನಿಮ್ಮ ದೊಡ್ಡವ್ವ ಅಲ್ಲಿ ತನ್ನ ತಂಗಿ ಮುಖ ನೋಡದ ಹೋದ್ಲಂದ್ರ ನಾ ಈ ಮನಿಗೆ ಹೆಂಗ ಬರ್ಲಿ?" ಅಂದರು. ಮೂರು ತಿಂಗಳು ಹೀಗೆ ಕಳೆಯಿತು. ಆಮೇಲೆ ಬಂದ ಕಾಗದದಲ್ಲಿ ಎರಡೇ ಸಾಲು: ಅರ್ಜಿ ಮಂಜೂರಾಗಿದೆ, ಪ್ರಮಾಣವಚನಕ್ಕೆ ಬರತಕ್ಕದ್ದು.

ಪ್ರಮಾಣವಚನಕ್ಕೆ ಅಕ್ಕೋರೂ ಬಂದಿದ್ದರು. ದೊಡ್ಡ ಸಭಾಂಗಣ, ನೂರಾರು ಜನ, ಎಲ್ಲ ದೇಶದವರು. ಅಮ್ಮ ಹಸಿರು ರೇಷ್ಮೆ ಸೀರೆಯುಟ್ಟು ಬಲಗೈ ಎತ್ತಿದರು. ಮುಗಿದ ಮೇಲೆ ಮೂವರೂ ಪಾರ್ಕಿಂಗಿಗೆ ಬಂದೆವು. ಪಾಸ್‌ಪೋರ್ಟು ಬಂದ ಕೂಡಲೇ ಟಿಕೆಟ್ಟು ತೆಗೆಸುವುದು ಎಂದು ನಾನು ಹೇಳುತ್ತಿದ್ದೆ. ಅಕ್ಕೋರು ಕಾರಿನ ಬಾಗಿಲು ತೆಗೆಯದೆ ನಿಂತಿದ್ದರು.

"ಶಾರದಮ್ಮಾರ, ಒಂದು ಮಾತು ಹೇಳಬೇಕು. ಇಲ್ಲಂದ್ರ ನಿಮ್ಮ ಮುಂದ ನಿಂದ್ರೂ ಯೋಗ್ಯತಾ ನನಗಿಲ್ಲ" ಎಂದರು. "ನಾ ಸಿಟಿಜನ್ ಆಗೂ ಮುಂದ ನನಗೂ ಆ ಪ್ರಶ್ನಿ ಕೇಳಿದ್ರು. ಭಾಳ ವರ್ಷ ಆತು. ಆಗಲೇ ನಾ ಈ ಪಾಠ ಹೇಳಾಕ ಸುರು ಮಾಡಿದ್ದೆ. ಆ ಹುಟ್ಟಿನ ಕಾನೂನು ನನಗ ಬಾಯಿಪಾಠ ಇತ್ತು. ನಮ್ಮ ಮನಿಗೂ ಹಿತ್ತಲ ಬಾಗಿಲಿತ್ತು. ನಿಮಗರ ನಂಜಿ ಅಂತ ಹೆಸರು ನೆನಪೈತಿ. ನಮ್ಮಲ್ಲಿ ಬರ್ತಿದ್ದಾಕಿ ಹೆಸರೂ ನನಗ ಗೊತ್ತಿಲ್ಲ. ನಾ 'ನೋ' ಅಂದೆ. ಒಂದು ಗಳಿಗಿನೂ ತಡೀಲಿಲ್ಲ. ಹೊರಗ ಬಂದು ಐಸ್‌ಕ್ರೀಮ್ ತಿಂದೆ."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಅಕ್ಕೋರ ಎರಡೂ ಕೈ ಹಿಡಿದುಕೊಂಡರು.

"ನನಗೆ ಹೇಳಿಕೊಡೋಕೆ ನೀವಿದ್ರಿ, ಅಕ್ಕೋರೆ" ಅಂದರು. "ನಿಮಗೆ ಆಗ ಯಾರಿದ್ರು?"